ನೀರು ಹೊಡೆಯುವ ಹೊತ್ತು

ಮೊದಲ ದಿನ ಕೊಟ್ಟ ಹಳದಿ ಹೆಲ್ಮೆಟ್ಟಿನ ಮೇಲೆ
ಹೋದ ವರ್ಷದವನ ಹೆಸರಿತ್ತು, ಮಾರ್ಕರಿನಲ್ಲಿ: ರಿಯಾಜ್.
ಉಜ್ಜಿದೆ, ಹೋಗಲಿಲ್ಲ.
ನಾಲ್ಕು ವಾರ ನಾನು ರಿಯಾಜ್ ಮೇಡಂ.

ರಾಯಚೂರು, ಲಿಂಗಸುಗೂರು ರಸ್ತೆ, ಮೇ ತಿಂಗಳು.
ಹೆಣ್ಣುಮಕ್ಕಳ ಹಾಸ್ಟೆಲ್ಲು, ಎರಡನೆಯ ಮಹಡಿ.
ಹತ್ತಕ್ಕೆಲ್ಲ ಸರಳು ಮುಟ್ಟಗೊಡುವುದಿಲ್ಲ;
ಬಿಹಾರದ ಹುಡುಗರು ಅಂಗೈಗೆ
ಸೈಕಲ್ ಟ್ಯೂಬಿನ ತುಂಡು ಕಟ್ಟಿಕೊಂಡು
ನನ್ನ ನೋಟ್‌ಬುಕ್ಕಿನ ಗೆರೆಗಳನ್ನು ಬಗ್ಗಿಸುತ್ತಿದ್ದರು.
ಮೂರು ವರ್ಷ ಫೈನ್ ಅಗ್ರಿಗೇಟ್ ಎಂದು ಬರೆದದ್ದು
ಇಲ್ಲಿ ಮತ್ತೆ ನಮ್ಮ ಮನೆಯ ಉಸುಕಾಯಿತು.

ಗೌಂಡಿ ಹುಸೇನಪ್ಪ ಲೆವೆಲ್ ಪೈಪಿನ ಒಂದು ತುದಿ ನನಗೆ ಕೊಟ್ಟು
ಆ ಕಡೆಯ ಕಾಲಮ್ಮಿನಿಂದ ಕೂಗಿದ:
‘ಅಲ್ಲಾಡಬ್ಯಾಡ್ರಿ. ನೀರು ನಿಂದ್ರಲಿ.
ನಿಂತಲ್ಲಿ ಗೆರಿ ಹೊಡೀರಿ.
ಕಣ್ಣು ಸುಳ್ಳು ಹೇಳ್ತದ, ನೀರು ಹೇಳಂಗಿಲ್ಲ.’

ಸ್ಲ್ಯಾಬಿನ ದಿನ ಐದಕ್ಕೇ ಮಿಕ್ಸರು ಗುಡುಗಿತು.
ಬಿಸಿಲೇರಿದಂತೆ ಮಾಲು ಬಿಗಿಯಿತು.
ಯಾರೋ ಡ್ರಮ್ಮಿನಿಂದ ಒಂದು ಬಕೆಟ್ಟು ಸುರುವಿದರು,
ಆಮೇಲೆ ಇನ್ನೊಂದು.
ಕೋನು ತುಂಬಿದೆ. ಮೂರು ಪದರ,
ಪದರಕ್ಕೆ ಇಪ್ಪತ್ತೈದು ಏಟು, ನಿಧಾನ ಎತ್ತಿದೆ.
ಎಮ್ಮೆ ಹಾಕಿದ ಸಗಣಿಯಂತೆ
ಹರಡಿ ಕೂತಿತು.

ಸೂಪರ್‌ವೈಸರ್ ವಿರೂಪಣ್ಣ ಅದನ್ನು ನೋಡಲಿಲ್ಲ,
ನನ್ನನ್ನು ನೋಡಿದರು.
‘ತೊಂಬತ್ತು ಅಂತ ಬರಿಯಮ್ಮ.
ಬುಟ್ಟಿ ಮ್ಯಾಲೆ ನಡದದ ಕೆಲಸ. ಗಟ್ಟಿ ಮಾಲು
ಹೊತ್ತು ಬಡದು ಮಂದಿ ಸಾಯ್ತಾರ ಈ ಬಿಸಿಲಾಗ.’
ಅದೂ ಸುಳ್ಳಲ್ಲ.
ಏಣಿಯುದ್ದಕ್ಕೂ ಹನ್ನೆರಡು ಹೆಂಗಸರು,
ಸಿಂಬಿಯಿಂದ ಹುಬ್ಬಿಗೆ, ಹುಬ್ಬಿನಿಂದ ಬಾಯಿಗೆ
ಸಿಮೆಂಟಿನ ಹಾಲು.
ಒಂಬತ್ತನ್ನು, ಸೊನ್ನೆಯನ್ನು ದುಂಡಗೆ ಬರೆದೆ.
ಲ್ಯಾಬಿಗೆ ಹೋಗುವ ಕ್ಯೂಬುಗಳಿಗೆ ಮಾಲು ಬೇರೆಯೇ ಕಲೆಸಿದ್ದರು.
ಯಾಕೆ ಎಂದು ಕೇಳಲಿಲ್ಲ.
ಅವುಗಳ ಹಸಿ ಮೈಮೇಲೆ ಮೊಳೆಯಿಂದ ತಾರೀಖು ಕೆತ್ತಿದವಳೂ ನಾನೇ.

ಮರುದಿನ ಸ್ಲ್ಯಾಬಿನ ತುಂಬ ಸಣ್ಣ ಬದು, ಮಡಿ ಮಡಿ ನೀರು.
ಸಿಂಧನೂರು ಕಡೆಯ ತಾಯಮ್ಮ ಸೀರೆ ಎತ್ತಿ ಕಟ್ಟಿ
ನಡುವೆ ನಿಂತು ನಕ್ಕಳು:
‘ನೆಲ್ಲು ಹಚ್ಚೋದೊಂದು ಬಾಕಿ ನೋಡ್ರಿ.’

ಎಂಟನೆಯ ಬೆಳಿಗ್ಗೆ ಕೇಳಿದಳು,
‘ಇನ್ನ ಎಷ್ಟು ದಿನ ಕುಡೀತದ್ರಿ ಇದು?’
ಹದಿನಾಲ್ಕು ತುಂಬಬೇಕು, ಅಂದೆ.
‘ಏಳಕ್ಕ ಪಗಾರ ಮುಗದದ.’

ಕಲೆಸುವಾಗ ಹೆಚ್ಚಾದರೆ ಪಾಪ,
ಕೂಡಿದ ಮೇಲೆ ಕಡಿಮೆಯಾದರೆ ಪಾಪ;
ಎರಡಕ್ಕೂ ಅದೇ ತುಕ್ಕು ಹಿಡಿದ ಡ್ರಮ್ಮು.

ಸಂಜೆ ಎಲ್ಲ ಇಳಿದುಹೋದ ಮೇಲೆ ಪೈಪು ಹಿಡಿದೆ.
ಎರಡು ದಿನ ಅವಳೂ ನಿಂತಳು, ಪುಕ್ಕಟೆ,
ಬೈಯುತ್ತ.
ಮೂರನೆಯ ದಿನ ದೇವಸೂಗೂರಿನ ಕಡೆ ಕೆಲಸ ಸಿಕ್ಕಿತು.
ಹೋಗುವ ಮುಂಚೆ ಪೈಪಿನ ಬಾಯಿಗೆ
ಹೆಬ್ಬೆರಳು ಹೇಗಿಡಬೇಕೆಂದು ತೋರಿಸಿದಳು:
‘ಬಡೀಬಾರದ್ರಿ ನೀರು. ಉದುರಬೇಕು.’
ಕಾಯ್ದ ಸ್ಲ್ಯಾಬು ಸುಂಯ್ ಎಂದು ಹೀರುತ್ತಿತ್ತು,
ಅದರ ಹಬೆ ನನ್ನ ಪಾದಗಳಿಗೆ.
ಕಡೆಯ ಎರಡು ದಿನ ಟ್ಯಾಂಕರ್ ಬರಲಿಲ್ಲ. ಕೊಡದಲ್ಲಿ ಹೊತ್ತೆ,
ಮೂಲೆಯ ಮಡಿಗಳಿಗೆ ಸಾಲಲಿಲ್ಲ.

ಡೈರಿಯಲ್ಲಿ ಇದಕ್ಕೆ ಕಾಲಮ್ಮಿರಲಿಲ್ಲ.
ತೊಂಬತ್ತು ತೊಂಬತ್ತಾಗಿಯೇ
ಕಾಲೇಜಿನ ಕಪಾಟಿನಲ್ಲಿದೆ, ಸ್ಪೈರಲ್ ಬೈಂಡಿಂಗಿನಲ್ಲಿ,
ಮೇಲೆ ಕೆಂಪು ಶಾಯಿಯ ‘ವೆರಿ ಗುಡ್’.

ಈಗ ಬಸ್ಸು ಆ ಕಡೆ ಹಾಯುವಾಗ
ಎರಡನೆಯ ಮಹಡಿಯ ಕಿಟಕಿಗಳಲ್ಲಿ ದುಪಟ್ಟಾಗಳು.
ಒಬ್ಬಳು ಸರಳಿಗೊರಗಿ ಫೋನಿನಲ್ಲಿ ಜಗಳವಾಡುತ್ತಾಳೆ.
ನಾನು ಅವಳ ತಲೆಯ ಮೇಲಿನದನ್ನು ನೋಡುತ್ತೇನೆ,
ಮೂಲೆಗಳನ್ನು.
ಹೆಬ್ಬೆರಳು ತಾನಾಗಿ ಮಡಚಿಕೊಂಡಿರುತ್ತದೆ.
ಪಾಸ್ ತೋರಿಸ್ರಿ ಎಂದು ಕಂಡಕ್ಟರ್
ಎರಡು ಸಲ ಕೇಳಬೇಕಾಗುತ್ತದೆ.