ಇಬ್ಬರು, ಸೌದೆ ಸಾಕಷ್ಟಿದೆ

ಬೀಗವಿಲ್ಲ ಈ ಬಾಗಿಲಿಗೆ. ಅಗುಳಿಯೊಂದೇ,
ಅದೂ ಗಾಳಿಗೆ, ಮನುಷ್ಯರಿಗಲ್ಲ.
ಉದ್ದಕ್ಕೆ ಸೀಳಿ ಕವುಚಿಟ್ಟ ತಗಡಿನ ಪೀಪಾಯಿ,
ಕೆಂಪು ಬಣ್ಣ, ಕಾರ್ನಿಯಾದ ಬೋಳುಕಲ್ಲಿನ ನೆತ್ತಿಯ ಮೇಲೆ;
ನಾಲ್ಕು ಉಕ್ಕಿನ ಹಗ್ಗ ಬಿಗಿಯದಿದ್ದರೆ
ಎಂದೋ ಆಸ್ಟ್ರಿಯಾಕ್ಕೆ ಹಾರಿಹೋಗುತ್ತಿತ್ತು
ಎನ್ನುತ್ತಾರೆ ಕೆಳಗೆ, ಊರಿನಲ್ಲಿ.

ಒಳಗೆ ಆರು ಹಲಗೆ, ಎಂಟು ಕಂಬಳಿ
(ಎಣಿಸಿದ್ದೇನೆ, ಒಂದನ್ನು ಇಲಿ ಕಡಿದಿದೆ),
ಮೊಣಕಾಲೆತ್ತರದ ಒಲೆ, ಮೇಣದ ತುಂಡುಗಳ ಡಬ್ಬಿ,
ಯಾರೋ ಬಿಟ್ಟುಹೋದ ಅರ್ಧ ಪೊಟ್ಟಣ ಉಪ್ಪು,
ದಾರಕ್ಕೆ ಕಟ್ಟಿದ ಪೆನ್ಸಿಲ್ಲು, ಬಂದುಹೋದವರ ಪುಸ್ತಕ.
ಕಾಯುವವರು ಯಾರೂ ಇಲ್ಲ. ಕಾಯಲಿಕ್ಕೆ ಏನೂ ಇಲ್ಲ.

ನಾನು ಬಂದದ್ದು ತಪ್ಪಿಸಿಕೊಂಡ ಎರಡು ಮೇಕೆ ಹುಡುಕಿ.
ಮೂರಕ್ಕೆ ಮಂಜು ಹತ್ತಿತು, ನಾಲ್ಕಕ್ಕೆ ಆಲಿಕಲ್ಲು,
ಐದಕ್ಕೆ, ಇನ್ನೂ ಸೆಪ್ಟೆಂಬರೆಂಬುದನ್ನೇ ಮರೆತು, ಹಿಮ.
ಒಲೆ ಹಚ್ಚಿ, ಒದ್ದೆ ಕಾಲುಚೀಲ ನೇತುಹಾಕಿ
ಪಾತ್ರೆಗೆ ಹಿಮ ತುಂಬುತ್ತಿದ್ದೆ; ಬಾಗಿಲು ತೆರೆಯಿತು.

ಜೆಲಿಂದೊ.

ನಮ್ಮೂರ ಹಾಲಿನ ಸಂಘದ ಕಾರ್ಯದರ್ಶಿ.
ಹನ್ನೊಂದು ವರ್ಷದ ಹಿಂದೆ, ನೀಲಿ ಶಾಯಿಯಲ್ಲಿ, ನಿಂತುಕೊಂಡೇ
ಚೀಸುಮನೆ ಮುಚ್ಚುವ ಕಾಗದಕ್ಕೆ ರುಜು ಹಾಕಿದವನು.
ಅಲ್ಲಿಯ ತಾಮ್ರದ ಹಂಡೆ ಇಪ್ಪತ್ತಾರು ವರ್ಷ
ನನ್ನ ಕೈಯಲ್ಲಿ ಮಿರುಗಿತ್ತು. ಈಗದು ಉಡಿನೆಯ
ಯಾವುದೋ ಹೋಟೆಲಿನ ಮುಂದೆ
ಹೂವಿನ ಗಿಡ ಹೊತ್ತು ನಿಂತಿದೆ.
ಅಂದಿನಿಂದ ಅವನು ಎದುರಾದರೆ ನಾನು ರಸ್ತೆ ದಾಟುತ್ತೇನೆ.
ನಮ್ಮೂರಿಗೆ ಇರುವುದು ಒಂದೇ ರಸ್ತೆ.

ಹೊಸ್ತಿಲ ಮೇಲೆ ಅವನು, ಬೆನ್ನ ಹಿಂದೆ ಬಿಳಿ ಗದ್ದಲ,
ಹುಬ್ಬಿನ ತುಂಬ ಹಿಮ. ವಾಪಸು ಹೋದಾನೇ ಎಂದು
ಒಂದು ಗಳಿಗೆ ಅನ್ನಿಸಿತು. ನಿಜ ಹೇಳಬೇಕೆಂದರೆ, ಹೋಗಲಿ ಎಂದೂ.
ಆಮೇಲೆ ನನ್ನ ಬಾಯಿ ನನ್ನನ್ನು ಕೇಳದೆ ಅಂದಿತು:
"ಬಾಗಿಲು ಹಾಕು, ಬೆಂಕಿ ಆರುತ್ತೆ."

ಬೆಟ್ಟದ ಕಾನೂನನ್ನು ಎಲ್ಲೂ ಬರೆದಿಟ್ಟಿಲ್ಲ.
ಮೊದಲು ಬಂದವರು ಒಲೆಯ ಬದಿ ಬಿಟ್ಟುಕೊಡಬೇಕು,
ಆಮೇಲೆ ಬಂದವರು ಹೆಚ್ಚು ನೆನೆದಿರುತ್ತಾರೆ.
ಬಿಟ್ಟುಕೊಟ್ಟೆ. ಅವನು ಮೆಕ್ಕೆಜೋಳದ ಹಿಟ್ಟು ತೆಗೆದ.
ನಾನು ನನ್ನ ಚೀಸಿನ ತುಂಡು, ಮಾರುವುದಕ್ಕಲ್ಲದ್ದು,
ಕಳ್ಳಸಾರಾಯಿ ಕಾಯಿಸುವವರ ಹಾಗೆ
ಅಡುಗೆಮನೆಯಲ್ಲಿ ಕದ್ದು ಮಾಡಿದ್ದು,
ತೆಗೆಯಲೋ ಬೇಡವೋ ಎಂದು ಚೀಲದೊಳಗೇ ಹಿಡಿದಿದ್ದೆ
ನೀರು ಕುದಿಯುವ ತನಕ.
ತೆಗೆದೆ.
ಅವನು ತಿಂದ. ಅಗಿಯುವುದು ಒಮ್ಮೆ ನಿಂತಿತು.
ಗೋಡೆ ನೋಡಿದ. ಮತ್ತೆ ಅಗಿದ.

"ಕೊಳವೆ ಹೊಗೆ ಹಿಂದಕ್ಕೆ ಬಿಡುತ್ತಿದೆ" ಎಂದ.
"ತಿರುವಿನಲ್ಲಿ ಕೀಲು ಬಿಟ್ಟಿದೆ" ಎಂದೆ.
ಇಡೀ ರಾತ್ರಿಗೆ ಅಷ್ಟೇ ಮಾತು,
ಎರಡೂ ಒಲೆಯದು.

ಮೇಲಿನ ಹಲಗೆಯಲ್ಲಿ ಅವನು, ಕೆಳಗೆ ನಾನು,
ನಡುವೆ ಒಂದು ಅಂಗುಲ ದೇವದಾರು, ಹನ್ನೊಂದು ವರ್ಷ.
ಗಾಳಿ ತಗಡನ್ನು ಖಾಲಿ ಹಂಡೆಯಂತೆ ಬಾರಿಸುತ್ತಿತ್ತು.
ಕತ್ತಲಲ್ಲಿ ಗೊರಕೆಗೆ ಪಕ್ಷವಿಲ್ಲ;
ಅವನದು ಎಳೆಗರುವಿನ ಉಸಿರು, ಸಣ್ಣದು, ತಡೆತಡೆದು.
ಎರಡು ಸಲ ಎದ್ದು ಸೌದೆ ಹಾಕಿದೆ.
ಮೂರನೆಯ ಸಲ ಎಚ್ಚರವಾದಾಗ ಬೆಂಕಿ ಆಗಲೇ ಉರಿಯುತ್ತಿತ್ತು,
ನನ್ನ ಕಾಲ ಮೇಲೆ ಒಂದು ಕಂಬಳಿ ಹೆಚ್ಚಾಗಿತ್ತು.
ಇಲಿ ಕಡಿದದ್ದಲ್ಲ.

ಬೆಳಕಾದಾಗ ಅವನಿರಲಿಲ್ಲ.
ಒಲೆಯ ಬಳಿ ಬೆರಳು ಗಾತ್ರಕ್ಕೆ ಸೀಳಿದ ಪುರಳೆ,
ಮೇಲೆ ಒಣ ಬೆಂಕಿಪೊಟ್ಟಣ,
ಕೊಳವೆಯ ತಿರುವಿಗೆ ಬಿಗಿಯಾಗಿ ಸುತ್ತಿದ ತಂತಿ.
ಪುಸ್ತಕದಲ್ಲಿ ಕಾರ್ಯದರ್ಶಿಯ ಅದೇ ಓರೆ ಅಕ್ಷರ:
"ಸೆಪ್ಟೆಂಬರ್ ಹತ್ತೊಂಬತ್ತು. ಇಬ್ಬರು. ಸೌದೆ ಸಾಕಷ್ಟಿದೆ.
ಚೀಸು ಚೆನ್ನಾಗಿತ್ತು."
ರುಜುವಿಗೆ ಜಾಗ ಬಿಟ್ಟಿದ್ದ. ಹಾಕಿರಲಿಲ್ಲ.

ಪೆನ್ಸಿಲ್ಲು ಹಿಡಿದು ಎಷ್ಟೋ ಹೊತ್ತು ನಿಂತೆ.
"ಉಪ್ಪು ಸ್ವಲ್ಪ ಕಡಿಮೆ" ಎಂದಷ್ಟೇ ಬರೆದು ಮುಚ್ಚಿದೆ.
ಹೊರಗೆ, ಗಾಳಿಮರೆಯ ಬದಿ, ತಗಡಿಗೆ ಮೈಯೊತ್ತಿ
ಮೆಲುಕು ಹಾಕುತ್ತಿದ್ದವು ನನ್ನ ಎರಡೂ ಮೇಕೆ.

ಭಾನುವಾರ ಅವನು ಎದುರಿಗೆ ಬಂದ.
ರಸ್ತೆ ದಾಟಿದೆ, ಅಭ್ಯಾಸ.
ನಡುರಸ್ತೆಗೆ ಬಂದ ಮೇಲೆ ಗೊತ್ತಾಯಿತು,
ಅವನೂ ದಾಟುತ್ತಿದ್ದ.