ನೀರಿಲ್ಲದ ಪುಸ್ತಕ

ಸಂಡೆ ಸ್ಕೂಲಿನ ಡಬ್ಬಿಯಿಂದ ನಾನೂರೈವತ್ತು ರೂಪಾಯಿ,
ಅರ್ಧ ಚಿಲ್ಲರೆ, ಕರ್ಚೀಫಿನಲ್ಲಿ ಗಂಟು.
ಮಂಡ್ಯದಿಂದ ಬೆಳಗಿನ ಪ್ಯಾಸೆಂಜರಿನಲ್ಲಿ ನಿಂತೇ ಬಂದೆ
ಮೈಸೂರಿನ ಅಶೋಕ ರಸ್ತೆಗೆ.
ಮೇಣದಬತ್ತಿ, ಶಿಲುಬೆ, ಹೋದ ವರ್ಷದ ಕ್ಯಾಲೆಂಡರು,
ಇವೆಲ್ಲದರ ಹಿಂದೆ, ಕೊನೆಯ ಕಪಾಟಿನಲ್ಲಿ ಮಕ್ಕಳ ಪುಸ್ತಕ.

ಹನ್ನೊಂದು ಮಕ್ಕಳಿಗೆ ಒಂದೇ ಸಾಕು,
ಚಿತ್ರ ಮಾತ್ರ ದೊಡ್ಡದಿರಲಿ, ಎಂದಿದ್ದರು ಅಯ್ಯನವರು.
ಹಿಂದೆ ಕೂತವರಿಗೂ ಕಾಣಬೇಕಲ್ಲ.

ದೇವಸಹಾಯಂ ಧೂಳು ಕೊಡವಿ ಒಂದೊಂದೇ ಇಟ್ಟರು.
"ಇದು ತುಂಬಾ ಹೋಗುತ್ತೆ ಮೇಡಂ."
ತೆರೆದರೆ ಯೇಸು: ಮುಸುಕಿನ ಜೋಳದ ಕೂದಲು, ನೀಲಿ ಕಣ್ಣು,
ಬಿಸಿಲನ್ನೇ ಕಾಣದ ಬಡಗಿ.
ಕೈ ನೋಡಿದೆ, ಒಂದು ಚಕ್ಕೆ ಚುಚ್ಚಿದ ಗುರುತಿಲ್ಲ.
ಬದಿಗಿಟ್ಟೆ.
ಮತ್ತೊಂದರಲ್ಲಿ ಗೊಲ್ಯಾತನ ರುಂಡ,
ರಕ್ತಕ್ಕೆ ಟೊಮ್ಯಾಟೊ ಸಾಸಿನ ಕೆಂಪು.
ಹುಡುಗರು ಕುಣಿದಾಡುತ್ತಾರೆ,
ಅದಕ್ಕೇ ಬೇಡವೆಂದೆ.
ಇನ್ನೊಂದರಲ್ಲಿ ಇಸಾಕ, ಕಟ್ಟಿದ ಕೈ, ಮೇಲೆ ಅಪ್ಪನ ಚೂರಿ.
ಟಗರು ಕಾಣಬೇಕಾದರೆ ಪುಟ ಮಗುಚಬೇಕು.
ಅಷ್ಟು ಹೊತ್ತು
ಐದು ವರ್ಷದವರು ಉಸಿರು ಹಿಡಿದಿರಬೇಕೆ?

ಇವೆಲ್ಲ ನೆಪ.
ನಾನು ಹುಡುಕುತ್ತಿದ್ದದ್ದು ನೀರಿಲ್ಲದ ಪುಸ್ತಕ.

ತಬಿಥಾ ಮುಂದಿನ ಸಾಲಿನಲ್ಲಿ ಕೂರುತ್ತಾಳೆ.
ಅವಳ ಅಣ್ಣ ಸೀಲ, ಒಂಬತ್ತು ತುಂಬಿರಲಿಲ್ಲ,
ಬೇಸಿಗೆ ರಜೆಯಲ್ಲಿ, ನಾಲೆಯ ಮೆಟ್ಟಿಲ ಮೇಲೆ
ಚಪ್ಪಲಿ ಜೋಡಿಸಿಟ್ಟು ಇಳಿದ.
ಚಪ್ಪಲಿ ಅಂದೇ ಸಿಕ್ಕಿತು.
ಅವನು ಸಿಕ್ಕಿದ್ದು ಮೂರನೆಯ ದಿನ, ಕೆಳಗಿನ ಊರಿನ ತೂಬಿನ ಹತ್ತಿರ.
ಮೂರನೆಯ ದಿನ.
ಈ ಸಲದ ಈಸ್ಟರಿಗೆ ಆ ಎರಡು ಮಾತನ್ನು
ಮಕ್ಕಳೆದುರು ನುಂಗಿಕೊಂಡೆ.

ನೀರಿಲ್ಲದ ಬೈಬಲನ್ನು ಯಾರು ಬರೆದಾರು?
ನೋಹನ ನೀರು. ಮೋಶೆಯ ಬುಟ್ಟಿಯಡಿಯ ನೀರು.
ಗೋಡೆಯಾಗಿ ನಿಂತು, ಆಮೇಲೆ ಕೂಡಿಕೊಂಡ ನೀರು.
ಯೋನನ ತಲೆ ಸುತ್ತಿದ ಪಾಚಿ.
ಪೇತ್ರ ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ...
ಅವನಿಗೇನೋ ಕೈ ಸಿಕ್ಕಿತು.
ಅಲ್ಲಿಗೆ ಮುಚ್ಚಿದೆ.

"ಎಂಥದ್ದು ಬೇಕು ಹೇಳಿ ಮೇಡಂ, ಹುಡುಕೋಣ."
"ಸ್ವಲ್ಪ ನೀರು ಕಡಿಮೆ ಇರೋದು," ಎಂದೆ.
ಹಾಲಿನವನಿಗೆ ಹೇಳಿದ ಹಾಗಾಯಿತು. ಇಬ್ಬರೂ ನಕ್ಕೆವು.
ನಾನು ಹೆಚ್ಚೇ ಹೊತ್ತು ನಕ್ಕಿರಬೇಕು,
ಅವರು ಏನೂ ಕೇಳದೆ ಸ್ಟೂಲು ಎಳೆದು ಕೊಟ್ಟರು.

ಕೊನೆಗೆ ಕೊಂಡದ್ದು ಮೂಲೆ ನೆನೆದು ಉಬ್ಬಿದ ಒಂದು ಪ್ರತಿ,
ಅದಕ್ಕೇ ಎಂಬತ್ತು ರೂಪಾಯಿ ಬಿಟ್ಟರು.
ಜನ ನಮ್ಮ ಬಣ್ಣದವರು, ಬೆವರುತ್ತಾರೆ.
ಮರಿಯಳ ಹಿಮ್ಮಡಿಯಲ್ಲಿ ಬಿರುಕಿದೆ.
ಸಂಜೆಯ ಗಾಡಿಯಲ್ಲಿ ಕಿಟಕಿಯಾಚೆ ಕಾವೇರಿ ಬರುವ ಮುಂಚೆ
ನೋಹನ ಎರಡು ಹಾಳೆ ಸೇರಿಸಿ
ಗುಂಡುಪಿನ್ನು ಚುಚ್ಚಿದೆ.

ಭಾನುವಾರ ಪಿನ್ನನ್ನು ಮೊದಲು ಕಂಡವಳು ಅವಳೇ.
ಕಿತ್ತು ನನ್ನ ಅಂಗೈಯಲ್ಲಿಟ್ಟಳು.
"ಯಾರ್‌ಗಾದ್ರೂ ಚುಚ್ಕತದೆ ಮಿಸ್ಸು, ಎತ್ತಿ ಮಡಗಿ."
ಹಡಗಿನ ಹಲಗೆಯ ಮೇಲೆ ಆನೆ, ಒಂಟೆ, ಎರಡು ಕರಡಿ.
ಮೋಡ ಆಗಲೇ ಕಪ್ಪು.
ಅವಳ ಬೆರಳು ಎಲ್ಲವನ್ನೂ ದಾಟಿ
ಸಾಲಿನ ತೀರಾ ತುದಿಗೆ, ಹುಲ್ಲಿನ ಮರೆಯ
ಬಸವನಹುಳುವಿನ ಮೇಲೆ ನಿಂತಿತು.

"ಇದು ಹೋಗಗಂಟ ಬಾಗ್ಲು ತಗ್ದೇ ಮಡಗಿರ್ತಾರಾ?"

ಬಾಗಿಲು ಮುಚ್ಚಿದವನು ಯಾರೆಂದು ನನಗೆ ಗೊತ್ತು.
ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ.
ಉಳಿದ ಹತ್ತೂ ತಲೆಗಳು ಬಗ್ಗಿದವು,
"ಬಿರ್ರನೆ ನಡಿ, ಬಿರ್ರನೆ," ಹುಳುವಿಗೆ ಕೂಗು ಶುರುವಾಯಿತು,
ಯಾರೋ ಬೆಂಚು ಬಡಿದರು.

ಅಂಗೈಯಲ್ಲಿ ಪಿನ್ನು ಹಿಡಿದು ಕೂತೇ ಇದ್ದೆ.
ಆ ದಿನ ಪುಟ ಮಗುಚಲಿಲ್ಲ.