ಹಸಿ ಬೂರು

ಬದಿಯಡ್ಕ ಬಸ್‌ಸ್ಟ್ಯಾಂಡಿನ ಹಿಂದೆ, ಮೊಬೈಲ್ ಅಂಗಡಿಯ ಮಾಳಿಗೆಯಲ್ಲಿ
ಎಂಎಲ್‌ಎ ಕಚೇರಿ. ಹದಿನೇಳು ಮೆಟ್ಟಿಲು.
ಮತ್ತಡಿ ಅಜ್ಜಿ ಎಣಿಸಿಕೊಂಡೇ ಹತ್ತಿದಳು,
ಇಳಿಯುವಾಗ ಒಂದು ಕಮ್ಮಿಯಾದರೆ ಕೇಳಬೇಕಲ್ಲ ಎಂದು.

ನಾವು ಏಳು ಮಂದಿ, ಏಳೂ ಹೆಂಗಸರು.
ಕಾಲನಿಯ ಗಂಡಸರಿಗೆ ಕರೆ ಬಂದಿತ್ತು ಬೇರೆಯೇ:
ಭಾನುವಾರ ಮೆರವಣಿಗೆ, ಡೋಲು ಹಿಡಿದು ಬನ್ನಿ,
ಶಾಲು ನಾವೇ ಕೊಡುತ್ತೇವೆ, ಊಟವೂ ಉಂಟು.
"ಕಿವಿಯಿದೆ ಅಂತಾಯ್ತು" ಎಂದಳು ತುಕ್ರು,
"ಹಾಗಾದರೆ ನಡೆಯಿರಿ."

ನನ್ನ ಕೆಲಸ ನಡುವೆ ನಿಲ್ಲುವುದು.
ಎಸ್‌ಟಿ ಪ್ರೊಮೋಟರ್; ಎರಡು ತಿಂಗಳ ಗೌರವಧನ ಬಾಕಿ.
ಮನೆಯ ಮಾತನ್ನು ತುಳುವಿಗೆ ಇಳಿಸಿ,
ತುಳುವನ್ನು ಶಾಲೆಯ ಕನ್ನಡದಲ್ಲಿ ಬರೆದುಕೊಂಡು,
ಕನ್ನಡವನ್ನು ಅರ್ಜಿಯ ಮಲಯಾಳದೊಳಗೆ ತುರುಕುವುದು.
ಬುಟ್ಟಿಯಲ್ಲಿ ನೀರು ಹೊತ್ತು ಮೂರು ತೋಡು ದಾಟಿದಂತೆ.
ಆಚೆ ದಡ ಮುಟ್ಟುವುದು
ಬರೀ ಒದ್ದೆ ಬುಟ್ಟಿ.

ಆತ ಎದ್ದು ನಿಂತರು, ಕೈ ಮುಗಿದರು, ಕುರ್ಚಿ ತರಿಸಿದರು.
ಸುಳ್ಳಲ್ಲ, ಹೇಳಲೇಬೇಕು.
ಐದು ಕುರ್ಚಿ ಬಂದವು.
ಯಾರು ಕೂರುವುದೆಂದು ತೀರದೆ
ಏಳು ಮಂದಿಯೂ ನಿಂತೇ ಉಳಿದೆವು.

ಅಜ್ಜಿ ಶುರುಮಾಡಿದಳು:
"ನನ್ನ ಅಪ್ಪೆ ದೊಡ್ಡಮನೆಯ ಅಂಗಳದಲ್ಲಿ
ಕೂದಲು, ಉಗುರು ಕಲಸಿದ ಅನ್ನ ತಿಂದಿದ್ದಾಳೆ,
ಅವರ ಮಗುವಿನ ಪೀಡೆ ಕಳೆಯಲಿ ಎಂದು.
ಆ ಮಗು ಬದುಕಿತು. ನನ್ನ ಅಣ್ಣ ಉಳಿಯಲಿಲ್ಲ.
ನಿನ್ನ ಅಜ್ಜನದೂ ಅಂಥದೇ ಮನೆಯಿದ್ದೀತು, ಅದಕ್ಕೆ ಜಗಳವಿಲ್ಲ.
ನನ್ನ ಗುಡಿಸಲಿನ ಅಡಿಯ ಮಣ್ಣಿಗೆ ಕಾಗದ ಕೊಡು.
ಬೂರು ಕಡಿಯಲು ಹೋದರೆ
ಗಾರ್ಡು ನಮ್ಮ ಕತ್ತಿ ಕಸಿಯದ ಹಾಗೆ ಮಾಡು."

ನಾನು ದಾಟಿಸಿದ್ದು:
"ಹಿರಿಯರು ಹಿಂದಿನ ಕಷ್ಟ ನೆನೆಯುತ್ತಿದ್ದಾರೆ ಸಾರ್.
ಪಟ್ಟೆ, ಮತ್ತೆ ಬಳ್ಳಿಯ ವಿಷಯ."

"ಪರಿಗಣಿಕ್ಕಾಂ" ಎಂದರು.
ಏನಂದ? ಎಂದಳು ಅಜ್ಜಿ.
ನಮ್ಮ ಮಾತಿನಲ್ಲಿ ಹುಡುಕಿದೆ,
ಒಲೆಯ ಬದಿ, ಕಾಡಿನ ಬದಿ, ಹೆರಿಗೆಯ ಚಾಪೆಯ ಬದಿ.
ಎಲ್ಲಿಯೂ ಆ ಪದಕ್ಕೆ ಜೋಡಿಯಿಲ್ಲ.
"ನೋಡುತ್ತಾರಂತೆ" ಅಂದೆ.
"ಕಣ್ಣು ಸರಿಯಿದೆಯಲ್ಲ, ಇವತ್ತೇ ಬರಲಿ."

ಆಗ ತುಕ್ರು ಸೆರಗಿನ ಗಂಟು ಬಿಚ್ಚಿ
ಗಾಜಿನ ಮೇಜಿನ ಮೇಲೆ ಎರಡು ಬೂರು ಇಟ್ಟಳು.
ಒಂದು ಬೆಳಿಗ್ಗೆ ಕಡಿದದ್ದು, ಹಾಲು ಆರಿರಲಿಲ್ಲ;
ಬೆರಳಿಗೆ ಸುತ್ತಿದಳು, ಉಂಗುರವಾಯಿತು.
ಇನ್ನೊಂದು ಹೋದ ಚುನಾವಣೆಯ ವಾರದ್ದು,
ಅಟ್ಟದ ಹೊಗೆ ಕುಡಿದು ಕಪ್ಪಾದದ್ದು.
ಮುಟ್ಟಿದಳಷ್ಟೆ. ಟಿಕ್.

"ಮುರಿದದ್ದು ಬೂರಿನ ತಪ್ಪಲ್ಲ,
ಒಣಗಲು ಬಿಟ್ಟವಳದ್ದು, ನನ್ನದೇ.
ಅದಕ್ಕೆ ಈ ಸಲ ಬೇಗ ಬಂದೆವು,
ನೀನು ಹಸಿಯಿರುವಾಗಲೇ."

ಪಿಎ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ.
ಬಾಯಿ ಅಭ್ಯಾಸಕ್ಕೆ 'ತಾವು' ಹುಡುಕಿತು.
ಬೇಡ ಅಂದೆ ಬಾಯಿಗೆ.
ಒಂದು ಮಾತೂ ಸೋರದಂತೆ ದಾಟಿಸಿದೆ,
'ನೀನು' ಎಂಬುದನ್ನೂ
'ನೀ' ಎಂದೇ.

ಫ್ಯಾನು ತಿರುಗುತ್ತಿತ್ತು.
ಆತ ಮೊದಲು ನಕ್ಕರು, ಆಮೇಲೆ ನಗಲಿಲ್ಲ.
ಲೆಟರ್‌ಹೆಡ್ ಎಳೆದು ತಾರೀಕು ಬರೆದರು,
ಸರ್ವೆಯವರನ್ನು ಕಳಿಸುವ ದಿನ. ಸಹಿ. ಸೀಲು.

ಇಳಿಯುವಾಗ ಅಜ್ಜಿ ಎಣಿಸಿದಳು. ಕೆಳಗೆ ನಿಂತು,
"ಹದಿನಾರೇ" ಎಂದಳು.
ನಾವೆಲ್ಲ ನಕ್ಕೆವು.
ಸುಮ್ಮನೆ ಕಾಗದ ಬಿಡಿಸಿದೆ:
ತಾರೀಕು ಉಂಟು, ತಿಂಗಳು ಉಂಟು,
ವರ್ಷ ಇಲ್ಲ.

ಅಜ್ಜಿ ಆಗಲೇ ಮೂರನೇ ಮೆಟ್ಟಿಲಲ್ಲಿದ್ದಳು,
ಮೇಲಕ್ಕೆ.